ನಿಂತ ಕಾರಿನ ಗಂಟೆ

ಹಮಾದಾ
12 ಜೂನ್ 2000

ಹಿರೊಮು ಅವರಿಗೆ,

ಹವೆಯ ಮಾತಿನಿಂದ ಪತ್ರ ಶುರುಮಾಡಬೇಕು ಎಂಬುದು ನನಗೂ ಗೊತ್ತು. ನಿಮಗೆ ಹಾಗೆ ಬರೆಯಲು ನನಗೆ ಮನಸ್ಸಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಿಮ್ಮ ಅಣ್ಣ ಕೊಸಾಕು ಮೇ ಇಪ್ಪತ್ತೇಳರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಶ್ವಾಸಕೋಶದ ಕಾಯಿಲೆ. ದಹನ ಮುಗಿದಿದೆ. ನಿಮ್ಮ ತೊಕಿಯಕ್ಕ ನಿಮಗೆ ತಂತಿ ಕೊಡಬೇಕೆಂದಿದ್ದರು, ನಾನೇ ತಡೆದೆ. ನಲವತ್ತೊಂಬತ್ತನೆಯ ದಿನದ ಪೂಜೆಗೂ ನೀವು ಬರುವುದು ಬೇಡ.

ಆದರೂ ಬರೆಯುತ್ತಿರುವುದಕ್ಕೆ ಕಾರಣ ಅವರ ಕೊನೆಯ ಮಾತು. ಸಾಯುವ ಎರಡು ದಿನ ಮೊದಲು ನನ್ನ ತೋಳು ಹಿಡಿದು, "ಆ ಕಾರಿನ ವೈರಿಂಗ್ ಹಿರೊಮು ನೋಡ್ಲಿ. ಅವ್ನೊಬ್ನೇ. ಗುಜರಿಗೆ ಕೊಡೋಕೆ ಮುಂಚೆ ನೋಡ್ಲಿ" ಎಂದರು.

"ಯಾವ ಕಾರು?" ಎಂದೆ. ಗೊತ್ತಿದ್ದೇ ಕೇಳಿದೆ.

"ಶೆಡ್ಡಲ್ಲಿರೋದು. ನೋಡಿದ್ರೆ ಅವ್ನಿಗೆ ಗೊತ್ತಾಗುತ್ತೆ."

ನಮ್ಮ ಮಗಳು ಚಿನಾಮಿ ಸತ್ತ ಕಾರು. ನಮ್ಮ ಮನೆಯ ಕಾರು, ಆ ರಾತ್ರಿ ನೀವು ಓಡಿಸುತ್ತಿದ್ದದ್ದು. ಅದನ್ನು ಅವರು ಹದಿನೆಂಟು ವರ್ಷ ಟಾರ್ಪಾಲಿನ ಕೆಳಗೆ ಇಟ್ಟುಕೊಂಡಿದ್ದು ಏಕೆಂದು ನನಗೆ ಎಂದೂ ಅರ್ಥವಾಗಲಿಲ್ಲ. ಈಗ ಇಷ್ಟು ಅರ್ಥವಾಗುತ್ತದೆ: ಅವರು ನಿಮ್ಮನ್ನು ಕ್ಷಮಿಸಿದ್ದರು, ಅದನ್ನು ಬಾಯಿಬಿಟ್ಟು ಹೇಳಲು ಆಗದೆ ಕಾರಿನ ನೆಪ ಹೂಡಿದರು. ನಾನು ಕ್ಷಮಿಸಿಲ್ಲ. ಆದರೆ ಸಾಯುವವರ ಮಾತನ್ನು ಮೀರಲು ಬರುವುದಿಲ್ಲ.

ರಸ್ತೆ ಅಗಲ ಮಾಡಲು ಸೆಪ್ಟೆಂಬರ್ ಕೊನೆಗೆ ಶೆಡ್ ಕೆಡವುತ್ತಾರೆ. ನೀವು ಇಲ್ಲಿಗೆ ಬರಬೇಡಿ. ಫೋನ್ ಕೂಡ ಬೇಡ, ನಿಮ್ಮ ದನಿಯಲ್ಲಿ ಅವರ ದನಿಯೂ ಇದೆ. ಏನು ನೋಡಬೇಕೆಂದು ಬರೆದು ತಿಳಿಸಿ. ನಾನೇ ನೋಡಿ ಬರೆಯುತ್ತೇನೆ. ಹೊಲಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸಿಯೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಹೇಳಿದರೆ ಅರ್ಥವಾಗುತ್ತದೆ.

ಫುಮಿಯೆ


ಕುಶಿರೊ
24 ಜೂನ್ 2000

ಅತ್ತಿಗೆಯವರಿಗೆ,

ಇಲ್ಲಿ ಬೇಸಿಗೆಯ ಮಂಜು ಇಳಿದಿದೆ. ಬೆಳಗ್ಗೆ ಬಂದರಿನಲ್ಲಿ ಎದುರಿನ ದೋಣಿಯೂ ಕಾಣುವುದಿಲ್ಲ. ನಿಮ್ಮ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿ, ಏನೂ ಮಾಡಲಾಗದೆ ವಾಪಸ್ ಬಂದೆ.

ಅಣ್ಣನಿಗೆ ಇಲ್ಲಿಂದಲೇ ಧೂಪ ಹಚ್ಚಿದ್ದೇನೆ. ಬರಬೇಡಿ ಎಂದಿದ್ದೀರಿ, ಬರುವುದಿಲ್ಲ.

ಜೈಲಿನಿಂದ ಬಂದ ಮೇಲೆ ನಾನು ಕಾರು ಮುಟ್ಟಿಲ್ಲ, ಓಡಿಸಿಯೂ ಇಲ್ಲ. ಮೀನುದೋಣಿಗಳ ವೈರಿಂಗ್ ಮಾಡಿಕೊಂಡಿದ್ದೇನೆ. ಕಾರಿನ ಕೆಲಸ ಮರೆತಿಲ್ಲ.

ಹಳೆಯ ಬ್ಯಾಟರಿ ಸತ್ತಿರುತ್ತದೆ. ಕಾಜಿತಾನಿಯ ಗ್ಯಾರೇಜಿನಿಂದ ಒಂದು ಬ್ಯಾಟರಿ, ಒಂದು ಟೆಸ್ಟ್ ದೀಪ, ಹದಿನೈದು ಆಂಪಿಯರಿನ ಕೆಲವು ಫ್ಯೂಸು ತರಿಸಿಕೊಳ್ಳಿ. ಸ್ಟಿಯರಿಂಗ್ ಕೆಳಗೆ ಬಲಗಡೆ ಫ್ಯೂಸು ಡಬ್ಬಿ ಇದೆ. ಫ್ಯೂಸುಗಳು ಗಾಜಿನ ಸಣ್ಣ ಕೊಳವೆಗಳು. ಯಾವುದು ಎಷ್ಟರದ್ದು ಇರಬೇಕೆಂದು ಮುಚ್ಚಳದಲ್ಲಿ ಬರೆದಿದೆ, ಕೊಳವೆಯ ತುದಿಯಲ್ಲೂ ಅಂಕಿ ಕೊರೆದಿದೆ. ಎರಡೂ ತಾಳೆಯಾಗುತ್ತವೆಯೇ ನೋಡಿ. ಯಾವುದು ಸುಟ್ಟಿದೆ ನೋಡಿ.

ಆಮೇಲೆ ಕೀಲಿಯನ್ನು ಅರ್ಧ ತಿರುಗಿಸಿ. ಎಂಜಿನ್ ಚಾಲೂ ಮಾಡಬೇಡಿ. ಏನು ಕೆಲಸ ಮಾಡುತ್ತದೆ, ಏನು ಮಾಡುವುದಿಲ್ಲ, ಏನು ಮಾಡಬಾರದ್ದನ್ನು ಮಾಡುತ್ತದೆ ಎಂದು ಬರೆಯಿರಿ. ದೋಷ ಕಂಡರೆ ದಾರಿ ಒಂದೇ. ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಬೇಕು. ಯಾವುದನ್ನು ಬಿಡಿಸಿದಾಗ ದೋಷ ನಿಲ್ಲುತ್ತದೋ ಆ ತಂತಿಯ ಹಿಂದೆ ಹೋಗಬೇಕು. ಅವಸರ ಮಾಡಿದರೆ ದಾರಿ ತಪ್ಪುತ್ತದೆ.

ಅಣ್ಣ ಏಕೆ ಹಾಗೆ ಹೇಳಿದನೋ ನನಗೂ ತಿಳಿಯದು. ಆ ಕಾರಿನಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನನ್ನಲ್ಲಿ.

ಹಿರೊಮು


ಹಮಾದಾ
9 ಜುಲೈ 2000

ಹಿರೊಮು ಅವರಿಗೆ,

ಈ ಪತ್ರವನ್ನು ಮೂರನೆಯ ಸಲ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಕಾಜಿತಾನಿ ಬ್ಯಾಟರಿಯನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ತಂದ. "ಫುಮಿಯೆಯಮ್ಮ, ಈ ವಯಸ್ಸಲ್ಲಿ ಗ್ಯಾರೇಜ್ ಹಾಕ್ತೀರಾ ಹೆಂಗೆ? ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಮತ್ತೆ" ಎಂದು ನಕ್ಕ. ಟಾರ್ಪಾಲು ತೆಗೆದಾಗ ನಗು ನಿಂತಿತು. ಅವತ್ತು ಕಾರನ್ನು ಎಳೆದು ತಂದವನು ಅವನೇ ತಾನೆ. ಎಡಗಡೆಯ ಬಾಗಿಲು ಹಾಗೆಯೇ ಒಳಗೆ ಹೋಗಿದೆ. ನಾನು ಅತ್ತ ನೋಡಲಿಲ್ಲ, ಬಲಗಡೆಯಿಂದ ಹತ್ತಿದೆ.

ಫ್ಯೂಸು ನೋಡಿದೆ. ಉಳಿದವೆಲ್ಲ ಸರಿ. ಮುಂದಿನ ದೀಪದ್ದು ಮಾತ್ರ ಸುಟ್ಟು ಗಾಜು ಕಪ್ಪಾಗಿದೆ. ಮುಚ್ಚಳದಲ್ಲಿ ಹದಿನೈದು ಎಂದಿದೆ, ಕೊಳವೆಯ ಮೇಲೆ ಮೂವತ್ತು. ಕಾಜಿತಾನಿ ಕೊಟ್ಟ ಹದಿನೈದರದನ್ನು ಹಾಕಿದೆ. ಕಾಜಿತಾನಿ ಬ್ಯಾಟರಿ ಜೋಡಿಸಿಕೊಟ್ಟು ಸಿಗರೇಟು ಸೇದಲು ರಸ್ತೆಗೆ ಹೋದ.

ಕೀಲಿಯನ್ನು ಅರ್ಧ ತಿರುಗಿಸಿದೆ.

ಗಂಟೆ ಹೊಡೆಯಿತು.

ನಮ್ಮ ಕಾಲದ ಕಾರುಗಳಲ್ಲೆಲ್ಲ ಇತ್ತಲ್ಲ, ವೇಗ ನೂರು ದಾಟಿದರೆ ಹೊಡೆಯುವ ಗಂಟೆ, ಅದು. ಕಿಣ್-ಕಾಣ್, ಕಿಣ್-ಕಾಣ್. ನಾನು ವೇಗದ ಮುಳ್ಳು ನೋಡಿದೆ. ಸೊನ್ನೆಯ ಮೇಲಿದೆ. ಚಕ್ರಗಳಲ್ಲಿ ಗಾಳಿಯೂ ಇಲ್ಲ. ಗಂಟೆ ಹೊಡೆಯುತ್ತಲೇ ಇದೆ.

ಹೇಗೆ ಇಳಿದೆನೋ ಗೊತ್ತಿಲ್ಲ. ಹೊರಗೆ ಬಂದು ನಿಂತಿದ್ದೆ. ಕಾಜಿತಾನಿ ರಸ್ತೆಯಿಂದಲೇ, "ಏನಮ್ಮ, ಹೈವೇಗೆ ಹೊರಟೇಬಿಟ್ರಾ?" ಎಂದು ಕೂಗುತ್ತಾ ಬಂದ. ಕಾರು ನೋಡಿದ. ಚಕ್ರ ನೋಡಿದ. ಕೈಯಲ್ಲಿದ್ದ ಸಿಗರೇಟನ್ನು ಎಸೆದು, ಒಳಗೆ ಬಗ್ಗಿ ಕೀಲಿ ತಿರುಗಿಸಿ ನಿಲ್ಲಿಸಿದ.

ಆಮೇಲೆ ಮತ್ತೆ ಹತ್ತಿ ದೀಪದ ಗುಂಡಿ ಒತ್ತಿದೆ. ಹೊಸ ಫ್ಯೂಸು ಟಪ್ ಎಂದು ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು.

ಹಿರೊಮು ಅವರೇ, ಹಿಂದಿನ ಸೀಟಿನಲ್ಲಿದ್ದ ನಮ್ಮ ಮಗ ನೊಬುಹಿಕೊ ಆಗ ಆರು ವರ್ಷದವನು. "ಗಂಟೆ ಹೊಡೀತಿತ್ತಾ?" ಎಂದು ಪೊಲೀಸರು ಕೇಳಿದ್ದಕ್ಕೆ "ಹೊಡೀತಿತ್ತು" ಎಂದ. ಅಷ್ಟರ ಮೇಲೆಯೇ ಎಲ್ಲ ತೀರ್ಮಾನವಾಯಿತು. ಗಂಟೆ ಹೊಡೆದಿದೆ ಅಂದರೆ ಆ ರಾತ್ರಿ ತಿರುವಿನಲ್ಲಿ ಕಾರು ನೂರು ದಾಟಿದೆ, ಇದರಲ್ಲಿ ಅನುಮಾನವೇನು ಎಂದರು. ನಿಮಗೆ ತಲೆಗೆ ಏಟು ಬಿದ್ದು ಏನೂ ನೆನಪಿರಲಿಲ್ಲ. ನೀವೂ ಒಪ್ಪಿಕೊಂಡಿರಿ.

ನಿಂತ ಕಾರು ನೂರರ ಗಂಟೆ ಹೊಡೆಯುತ್ತದೆಯೇ? ಇದೇನು ಎಂದು ಬರೆಯಿರಿ. ಬೇಗ ಬರೆಯಿರಿ.

ಫುಮಿಯೆ


ಕುಶಿರೊ
30 ಜುಲೈ 2000

ಅತ್ತಿಗೆಯವರಿಗೆ,

ಉತ್ತರ ತಡವಾಯಿತು. ರಾತ್ರಿ ದೀಪ ಹಚ್ಚಿ ಸ್ಕ್ವಿಡ್ ಹಿಡಿಯುವ ಕಾಲ, ದೋಣಿಗಳ ದೀಪದ ಕೆಲಸ ಬಹಳ ಇತ್ತು.

ನೀವು ಗಾಬರಿಯಾಗುವಂಥದ್ದು ಏನೂ ಇಲ್ಲ. ಹದಿನೆಂಟು ವರ್ಷ ಸಮುದ್ರದ ಉಪ್ಪುಗಾಳಿಯಲ್ಲಿ ನಿಂತ ಕಾರು. ತೇವ ಸೇರುತ್ತದೆ, ಇಲಿ ಕಡಿಯುತ್ತದೆ. ತಂತಿಗೆ ತಂತಿ ತಾಗಿದರೆ ಗಂಟೆ ತಾನಾಗಿ ಹೊಡೆಯುತ್ತದೆ, ಫ್ಯೂಸು ಹಾರುತ್ತದೆ. ಇದಕ್ಕೂ ಆ ದಿನಕ್ಕೂ ಸಂಬಂಧವಿಲ್ಲ. ಇದನ್ನು ನನ್ನ ಕಸುಬಿನ ಮೇಲೆ ಆಣೆಯಿಟ್ಟು ಹೇಳುತ್ತೇನೆ.

ಡ್ಯಾಶ್‌ಬೋರ್ಡಿನ ಒಳಗೆ ಕೈ ಹಾಕಬೇಡಿ. ಹಳೆಯ ವೈರಿಂಗು, ಶಾಕ್ ಹೊಡೆದು ಪ್ರಾಣಕ್ಕೆ ಅಪಾಯವಾಗಬಹುದು. ನಾನು ನೋಡಬೇಕಾದದ್ದನ್ನು ನಿಮ್ಮ ಪತ್ರದಲ್ಲೇ ನೋಡಿದಂತಾಯಿತು. ಅಣ್ಣನ ಮಾತು ನಡೆದಿದೆ. ಶೆಡ್ ಕೆಡವುವವರೆಗೂ ಕಾಯದೆ ಗುಜರಿಯವನನ್ನು ಕರೆಸಿಬಿಡಿ.

ಬಿಸಿಲು ಜೋರಿರುತ್ತದೆ. ಆರೋಗ್ಯ ನೋಡಿಕೊಳ್ಳಿ.

ಹಿರೊಮು


ಹಮಾದಾ
4 ಆಗಸ್ಟ್ 2000

ಹಿರೊಮು ಅವರಿಗೆ,

ನೀವು ಸುಳ್ಳು ಬರೆದಿದ್ದೀರಿ.

ಶಾಕ್ ಹೊಡೆಯುತ್ತದೆಯೇ ಎಂದು ಕಾಜಿತಾನಿಯನ್ನು ಕೇಳಿದೆ. "ಹನ್ನೆರಡು ವೋಲ್ಟಾ? ನಾಲಿಗೆ ಇಟ್ರೆ ಹುಳಿ ಹುಳಿ ಅನ್ಸುತ್ತೆ ಅಷ್ಟೆ. ಯಾವ ಪುಣ್ಯಾತ್ಮ ಹೇಳಿದ್ದು ನಿಮಗೆ?" ಎಂದ. ನಿಮ್ಮ ಹೆಸರು ಹೇಳಿದೆ. ಅವನು ತಲೆ ಕೆರೆದುಕೊಂಡು, "ಹಿರೊಮುನಾ? ಈ ಊರಲ್ಲಿ ಅವ್ನಷ್ಟು ವೈರಿಂಗ್ ತಿಳಿದೋರು ಇರ್ಲಿಲ್ಲ. ಅವ್ನ್ಯಾಕೆ ಹಂಗಂತಾನೆ?" ಎಂದ.

ಏಕೆಂದು ನಾನು ಹೇಳಲೇ? ಆ ಕಾರಿನ ಬಂಪರಿನ ಮೇಲೆ ಎರಡು ಹಳದಿ ದೀಪಗಳಿವೆ. ಕೊಂಡಾಗ ಅವು ಇರಲಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ತಂತಿ ಮುಟ್ಟುವ ಕಸುಬಿನವರು ನೀವೊಬ್ಬರೇ. ನೀವು ಏನೋ ಮಾಡಿದ್ದೀರಿ. ವೇಗವಾಗಿ ಓಡಿಸಿದಿರಿ ಎಂದಷ್ಟೇ ಇಷ್ಟು ದಿನ ತಿಳಿದಿದ್ದೆ. ಅದರ ಕೆಳಗೆ ಇನ್ನೊಂದು ತಪ್ಪು ಇದೆ, ಅದು ಹೊರಗೆ ಬರಬಾರದೆಂದು ಗುಜರಿಗೆ ಕೊಡಿ ಎನ್ನುತ್ತಿದ್ದೀರಿ. ಅದಕ್ಕೇ ನಿಮ್ಮ ಅಣ್ಣ ನಿಮಗೇ ತೋರಿಸಿ ಎಂದದ್ದು.

ಹೌದೋ ಅಲ್ಲವೋ?

ಫುಮಿಯೆ


ಕುಶಿರೊ
9 ಆಗಸ್ಟ್ 2000

ಹೌದು. ಹಳದಿ ದೀಪ ಹಾಕಿದ್ದು ನಾನೇ. ಫ್ಯೂಸು ಮತ್ತೆ ಮತ್ತೆ ಹಾರುತ್ತದೆಂದು ಮೂವತ್ತರದ್ದು ಹಾಕಿದ್ದೂ ನಾನೇ. ಅಣ್ಣನಿಗೆ ಏನೂ ಗೊತ್ತಿರಲಿಲ್ಲ. ಇನ್ನು ಹುಡುಕುವಂಥದ್ದು ಉಳಿದಿಲ್ಲ. ಗುಜರಿಗೆ ಕೊಟ್ಟುಬಿಡಿ, ಅತ್ತಿಗೆ. ಕೈಮುಗಿಯುತ್ತೇನೆ.

ಹಿರೊಮು


ಹಮಾದಾ
21 ಆಗಸ್ಟ್ 2000

ಹಿರೊಮು,

ನಿನ್ನ ಕಾರ್ಡು ಹನ್ನೆರಡನೆಯ ತಾರೀಖು ಬಂತು. ಓದಿ ನಂಬಿದೆ. ನಿನಗೆ ಬರೆಯಬಾರದ ಮಾತುಗಳನ್ನೆಲ್ಲ ಒಂದು ಹಾಳೆಯ ತುಂಬ ಬರೆದೆ. ಆಮೇಲೆ, ಅಂಚೆಗೆ ಹಾಕುವ ಮೊದಲು ನೀನು ಮಾಡಿದ್ದನ್ನು ನನ್ನ ಕಣ್ಣಿಂದಲೇ ನೋಡಬೇಕು ಅನ್ನಿಸಿತು. ಶೆಡ್ಡಿಗೆ ಹೋದೆ.

ನೀನು ಮೊದಲ ಪತ್ರದಲ್ಲಿ ಹೇಳಿಕೊಟ್ಟಂತೆಯೇ ಮಾಡಿದೆ. ಗಂಟೆ ಹೊಡೆಯಲು ಬಿಟ್ಟು ತಂತಿಗಳನ್ನು ಒಂದೊಂದಾಗಿ ಬಿಡಿಸಿದೆ. ಒಂದು ತೆಳು ಹಳದಿ ತಂತಿ ಬಿಡಿಸಿದಾಗ ಗಂಟೆ ನಿಂತಿತು. ಅದರ ಹಿಂದೆ ಹೋದೆ. ಅಂಗಾತ ಮಲಗಿ, ಪೆಡಲುಗಳ ಮಧ್ಯೆ ತಲೆಯಿಟ್ಟು, ಟಾರ್ಚು ಹಿಡಿದುಕೊಂಡು. ಎಂಜಿನ್ನಿನ ಕಡೆಗೆ ತಂತಿಗಳ ಕಟ್ಟು ತೂರುವ ತೂತಿನ ಹತ್ತಿರ ಟೇಪು ಸುತ್ತಿತ್ತು. ಬಿಚ್ಚಿದೆ. ಒಳಗೆ ತಂತಿಗಳು ಕರಗಿ ಒಂದಕ್ಕೊಂದು ಅಂಟಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿದ್ದವು. ಗಂಟೆಯದು, ದೀಪದ್ದು, ಆ ಹಳದಿ ದೀಪಗಳಿಗೆ ಹೊಸದಾಗಿ ಎಳೆದದ್ದು, ಎಲ್ಲ ಒಂದೇ ಗಂಟು.

ಕಾಜಿತಾನಿಯನ್ನು ಕರೆದು ತೋರಿಸಿದೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

"ಇದು ಡಿಕ್ಕಿಯಲ್ಲಿ ಆಗಿದ್ದಲ್ಲ ಅಮ್ಮ. ನಿಧಾನಕ್ಕೆ ಬೆಂದಿದ್ದು. ಫ್ಯೂಸು ದೊಡ್ಡದು ಹಾಕಿದ್ದಕ್ಕೆ ಅದು ಹಾರ್ಲಿಲ್ಲ, ಬದಲಿಗೆ ತಂತಿ ಬೆಂತು. ಮೊದ್ಲು ಗಂಟೆ ಹೊಡ್ಕೊಂಡಿರುತ್ತೆ. ಆಮೇಲೆ ದೀಪ ಹೋಗಿರುತ್ತೆ."

"ಎಲ್ಲಿ ಹೋಗಿರುತ್ತೆ?"

"ಎಲ್ಲಿ ಅಂತ ಹೆಂಗೆ ಹೇಳ್ಲಿ. ಆ ತಿರುವಲ್ಲೇ ಹೋಗಿದ್ರೆ..." ಎಂದು ನನ್ನ ಕೈಯಿಂದ ಟಾರ್ಚು ತೆಗೆದುಕೊಂಡ. ಆಮೇಲೆ ಆ ಜೋಡಣೆಯನ್ನು ಬೆರಳಿಂದ ತೋರಿಸಿ, "ಇದು ಹಿರೊಮು ಕೈ ಅಲ್ಲ. ಅವ್ನು ಬೆಸುಗೆ ಹಾಕ್ದೆ ತಂತಿ ಸೇರ್ಸಿದ್ದು ನಾನು ಕಂಡಿಲ್ಲ. ಇದು ಬರೀ ಹುರಿ ಹಾಕಿದ್ದು, ಹಗ್ಗ ಹೊಸೆದ ಹಾಗೆ" ಎಂದ.

ಅವನು ಹೇಳಬೇಕಾಗಿರಲಿಲ್ಲ. ಬಿಚ್ಚಿದ ಟೇಪು ಆಗಲೇ ನನ್ನ ಕೈಯಲ್ಲಿತ್ತು. ಅದರ ತುದಿ ಒಳಕ್ಕೆ ಮಡಚಿತ್ತು. ಮುಂದಿನ ಸಲ ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು ನನ್ನ ಗಂಡ ಏನು ಸುತ್ತಿದರೂ ತುದಿಯನ್ನು ಹಾಗೆ ಮಡಚುತ್ತಿದ್ದರು. ಔಷಧಿ ಡಬ್ಬಿ, ಅಕ್ಕಿಯ ಮೋಚಿ ಸಿಹಿಯ ಪೊಟ್ಟಣ, ಕೊನೆಗೆ ತಮ್ಮ ಬೆರಳಿನ ಬ್ಯಾಂಡೇಜು ಕೂಡ. ಈ ಮನೆಯಲ್ಲಿ ಬೇರೆ ಯಾರಿಗೂ ಆ ಅಭ್ಯಾಸವಿಲ್ಲ.

ಆ ದೀಪ ಹಾಕಿದ್ದು ಅವರು. ಅದು ತಪ್ಪು, ಯಾರಿಂದಲೂ ಆಗಬಹುದಾದದ್ದು. ಆದರೆ ಹಿರೊಮು, ತಂತಿಗಳು ಬೆಂದಿವೆ, ಮೇಲೆ ಸುತ್ತಿದ ಟೇಪಿಗೆ ಒಂದು ಕಲೆಯೂ ಇಲ್ಲ. ಬೆಂದ ಮೇಲೆ ಸುತ್ತಿದ್ದು ಅದು. ಕಾರು ಶೆಡ್ಡಿಗೆ ಬಂದ ಮೇಲೆ ಅವರು ಅಲ್ಲಿ ಮಲಗಿ, ನಾನು ನೋಡಿದ್ದನ್ನೇ ನೋಡಿ, ಟೇಪು ಸುತ್ತಿ, ತುದಿ ಮಡಚಿ, ಎದ್ದು ಕೈತೊಳೆದು ಊಟಕ್ಕೆ ಬಂದು ನನ್ನ ಎದುರು ಕೂತಿದ್ದಾರೆ.

ನ್ಯಾಯಾಲಯದ ಮುಂದೆ ನಾನು ನಿನ್ನನ್ನು ಕೊಲೆಗಾರ ಎಂದು ಕೂಗಿದಾಗ ಅವರು ನನ್ನ ಭುಜ ಹಿಡಿದುಕೊಂಡಿದ್ದರು. ನಾನು ಬೀಳಬಾರದೆಂದು ಹಿಡಿದಿದ್ದಾರೆ ಅಂದುಕೊಂಡಿದ್ದೆ.

ನಿನಗೆ ನನ್ನ ಜುಲೈ ಪತ್ರದಲ್ಲೇ ಗೊತ್ತಾಗಿತ್ತು. ಮೂವತ್ತು ಎಂಬ ಅಂಕಿ ಓದಿದ ಕೂಡಲೇ ಗೊತ್ತಾಗಿತ್ತು. ನನಗೆ ತಿಳಿಯಬಾರದೆಂದು ಸುಳ್ಳು ಹೇಳಿದೆ, ಅದು ಸಾಲದೆ ಇನ್ನೊಂದು ತಪ್ಪನ್ನೂ ಹೊತ್ತುಕೊಂಡೆ.

ಹದಿನಾಲ್ಕನೆಯ ತಾರೀಖು ಅವರ ಮೊದಲ ಬೋನ್ ಹಬ್ಬ. ಸತ್ತವರು ಮನೆಗೆ ಬರುವ ದಿನವೆಂದು ಬಿಳಿ ಲಾಟೀನು ತೂಗಿಸಿದ್ದೆವು, ನೆಂಟರೆಲ್ಲ ಕೂತಿದ್ದರು. ಆ ಟೇಪನ್ನು ಅವರ ಫೋಟೋದ ಮುಂದೆ ಇಟ್ಟು ಎಲ್ಲ ಹೇಳಿದೆ. ತೊಕಿಯಕ್ಕ ಎದ್ದು ನಿಂತರು.

"ಬಾಯಿ ಮುಚ್ಚು ಫುಮಿಯೆ. ಅವ್ನು ಮನೆಗೆ ಬಂದಿರೋ ದಿನ ಅವ್ನ ಮೇಲೇ ಚಾಡಿ ಹೇಳ್ತೀಯಾ?"

"ಬಂದಿದ್ದಾರಲ್ಲ ಅಕ್ಕ, ಅದಕ್ಕೇ ಹೇಳ್ತಿದೀನಿ. ಅವ್ರೂ ಕೇಳಿಸ್ಕೊಳ್ಳಲಿ."

ಆಮೇಲೆ ಯಾರೂ ಊಟ ಮಾಡಲಿಲ್ಲ. ತೊಕಿಯಕ್ಕ ಹೋಗುವಾಗ ಬಾಗಿಲಲ್ಲಿ ನಿಂತು, "ಹಿರೊಮು ವಿಳಾಸ ಬರ್ಕೊಡು" ಎಂದರು.

ಪೊಲೀಸ್ ಠಾಣೆಗೂ ಹೋಗಿದ್ದೆ. ಅಷ್ಟು ಹಳೆಯ ಕಡತ ಈಗ ಇಲ್ಲವಂತೆ. ಏನು ಮಾಡಬಹುದು ಎಂದು ಒಬ್ಬ ವಕೀಲರನ್ನು ಕೇಳುತ್ತಿದ್ದೇನೆ. ಕಾರನ್ನು ಕೊಡುವುದಿಲ್ಲ. ಕಾಜಿತಾನಿ ತನ್ನ ಗ್ಯಾರೇಜಿನ ಹಿಂದೆ ಜಾಗ ಕೊಡುತ್ತಾನೆ.

ಅವರ ಫೋಟೋದ ಮುಂದೆ ದಿನಾ ಬಿಸಿ ಅನ್ನ ಇಡುತ್ತಿದ್ದೆ. ಈ ವಾರ ಆರಿದ ಅನ್ನ ಇಡುತ್ತಿದ್ದೇನೆ. ಇಡದೇ ಇರಲು ಆಗುತ್ತಿಲ್ಲ.

ನಿನ್ನ ಅತ್ತಿಗೆ


ಕುಶಿರೊ
3 ಸೆಪ್ಟೆಂಬರ್ 2000

ಅತ್ತಿಗೆಗೆ,

ಇಲ್ಲಿ ಆಗಲೇ ತಂಪು ಬಂದಿದೆ. ತೊಕಿಯಕ್ಕನೂ ಬರೆದಿದ್ದಾಳೆ, ಒಂದು ಪುಟ ತುಂಬ ಬೈದಿದ್ದಾಳೆ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂತ.

ನನಗೆ ಗೊತ್ತಿದ್ದು ಸುಮ್ಮನಿದ್ದದ್ದಲ್ಲ. ಆ ದೀಪಗಳು ಹೊಸದಾಗಿ ಬಂದದ್ದನ್ನು ಅವತ್ತು ಅಣ್ಣನ ಕಾರನ್ನು ಓಡಿಸಲು ತೆಗೆದುಕೊಂಡಾಗ ನೋಡಿದ್ದೆ. ಅಣ್ಣ ಯಾವುದೋ ಗ್ಯಾರೇಜಿನಲ್ಲಿ ಹಾಕಿಸಿರಬೇಕು ಅಂದುಕೊಂಡೆ. ಬೇರೆಯವರ ಕಾರಾಗಿದ್ದರೆ ಮೊದಲು ಮುಚ್ಚಳ ತೆಗೆದು ನೋಡುತ್ತಿದ್ದೆ. ಗಂಟೆ ಹೊಡೆಯುತ್ತಿತ್ತು ಎಂದು ಮಗು ಹೇಳಿದಾಗ, ಅದರ ತಂತಿ ತಾಗಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಬದುಕೆಲ್ಲ ತಂತಿ ತಾಗಿದ್ದನ್ನೇ ಹುಡುಕಿದವನಿಗೆ. ಗಂಟೆ ಅಂದರೆ ನೂರು. ಎಲ್ಲರ ಹಾಗೆ ನಾನೂ ಹಾಗೆಯೇ ನಂಬಿದೆ.

ನಿಮ್ಮ ಜುಲೈ ಪತ್ರ ಓದಿದ ಮೇಲೆ ಮೂರು ವಾರ, ನೀವು ನನಗೆ ಉಪಕಾರ ಮಾಡಿದಂತೆ ಅನ್ನಿಸಲಿಲ್ಲ. ಹೆದರಿಕೆಯಾಯಿತು. ಏಕೆಂದು ಹೇಳುತ್ತೇನೆ.

ನನಗೆ ಅವತ್ತಿನದು ಏನೂ ನೆನಪಿರಲಿಲ್ಲ, ನಿಜ. ಆದರೆ ಜೈಲಿನಲ್ಲಿ ಇರುವಾಗ ನೆನಪಾಗತೊಡಗಿತು. ಮುಳ್ಳು ನೂರ ಹತ್ತರ ಮೇಲಿರುವುದು ಕಾಣುತ್ತಿತ್ತು. ನನ್ನ ಪಾದ ಒತ್ತುತ್ತಿರುವುದು ಕಾಣುತ್ತಿತ್ತು. ನನ್ನ ಪಾದವೇ, ನನ್ನ ಬೂಟೇ. ಅದನ್ನು ಹದಿನೆಂಟು ವರ್ಷ ನೋಡಿದ್ದೇನೆ, ಅತ್ತಿಗೆ. ಈಗ ನೀವು ಅಂಥ ಮುಳ್ಳೇ ಇರಲಿಲ್ಲ, ಪಾದ ಒತ್ತಲೇ ಇಲ್ಲ ಎನ್ನುತ್ತೀರಿ. ಬುದ್ಧಿಗೆ ತಿಳಿಯುತ್ತದೆ. ಆದರೂ ಕಣ್ಣು ಮುಚ್ಚಿದರೆ ಮುಳ್ಳು ಅಲ್ಲೇ ಇದೆ.

ಅದು ಸುಳ್ಳಾದರೆ ಇನ್ನೊಂದೂ ಸುಳ್ಳಿರಬೇಕು. ಅದೇ ನೆನಪಿನಲ್ಲಿ ಚಿನಾಮಿ ಪಕ್ಕದಲ್ಲಿ ಕೂತು ನಗುತ್ತಿದ್ದಳು. ಆ ರಾತ್ರಿ ನೋಡಿ ಬಂದ ದೇಗುಲದ ಕಾಗುರಾ ಕುಣಿತದಲ್ಲಿ ಕೊಟ್ಟ ಸಿಹಿ ಅವಳ ಬಾಯಲ್ಲಿತ್ತು. ಆ ಒಂದು ನಗುವನ್ನು ಇಟ್ಟುಕೊಂಡು ಉಳಿದದ್ದನ್ನು ತಡೆದುಕೊಂಡೆ. ಈಗ ಅದನ್ನೂ ನಾನೇ ಕಟ್ಟಿಕೊಂಡದ್ದು ಎಂದಾದರೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ.

ಅಣ್ಣನ ಮೇಲೆ ಕೋಪ ಬರಬೇಕು. ಇನ್ನೂ ಬಂದಿಲ್ಲ.

ಹಿರೊಮು


ಹಮಾದಾ
12 ಸೆಪ್ಟೆಂಬರ್ 2000

ಹಿರೊಮು,

ನಿನ್ನ ಪತ್ರ ಬಂದ ದಿನವೇ ನೊಬುಹಿಕೊನಿಗೆ ಫೋನ್ ಮಾಡಿ ಬಾ ಎಂದೆ. ಹಿರೊಶಿಮಾದಿಂದ ಭಾನುವಾರ ಬಂದ. ಊಟ ಬಡಿಸಿ ಕೇಳಿದೆ. ಅವನಂದದ್ದನ್ನು ಒಂದು ಮಾತೂ ಸೇರಿಸದೆ ಬರೆಯುತ್ತೇನೆ.

"ಆವತ್ತು ಕಾರಲ್ಲಿ ನಿನಗೆ ಏನೇನು ಕೇಳಿಸ್ತು?"

"ಗಂಟೆ ಹೊಡೀತಿತ್ತು. ಪೊಲೀಸ್‌ನೋರಿಗೆ ಹೇಳಿದ್ನಲ್ಲಮ್ಮ."

"ಬೇರೆ?"

"ಬೇರೆ ಯಾರೂ ಕೇಳ್ಲಿಲ್ಲ."

"ಈಗ ನಾನು ಕೇಳ್ತಿದೀನಿ."

ಅವನು ಊಟದ ಕಡ್ಡಿ ಕೆಳಗಿಟ್ಟ. ಮಗ ಮರೆತಿದ್ದಾನೆ ಅಂದುಕೊಂಡೆ. ಮರೆತಿರಲಿಲ್ಲ. ಮನೆಯಲ್ಲಿ ನಿನ್ನ ಹೆಸರೆತ್ತಿದರೆ ನಾನು ಎದ್ದುಹೋಗುತ್ತಿದ್ದೆ, ಅದಕ್ಕೆ ಅವನು ಆ ದಿನದ ಮಾತನ್ನೇ ತೆಗೆಯುತ್ತಿರಲಿಲ್ಲ.

"ಅಕ್ಕ ಗಂಟೆ ಹಂಗೇ ಅಣಕಿಸ್ತಿದ್ಲು. ಕಿಣ್-ಕಾಣ್, ಕಿಣ್-ಕಾಣ್ ಅಂತ. ಬಾಯಿ ತುಂಬ ಸಿಹಿ ಇಟ್ಕೊಂಡು, ನಕ್ಕೂ ನಕ್ಕೂ ಸೀಟ್ ಮೇಲೆಲ್ಲ ಉದುರಿಸ್ತಿದ್ಲು. 'ಚಿಕ್ಕಪ್ಪ, ಆಮೆ ಥರ ಹೋಗ್ತಿದೀಯ, ಆಮೆಗೂ ನೂರಾಯ್ತಾ?' ಅಂದ್ಲು."

"ಚಿಕ್ಕಪ್ಪ ಏನಂದ?"

"'ಇದಕ್ಕೇನು ಬಂತಪ್ಪ ರೋಗ, ತಡಿ, ತಿರುವು ದಾಟಿ ನಿಲ್ಲಿಸಿ ನೋಡ್ತೀನಿ' ಅಂದ. ಕಾರು ನಿಧಾನ ಆಯ್ತು. ನಾನು ಇಳಿಯೋಕೆ ಅಂತ ಬೂಟ್ ಹುಡುಕ್ತಿದ್ದೆ. ಆಮೇಲೆ ದೀಪ ಹೋಯ್ತು. ಏನೂ ಕಾಣ್ಲಿಲ್ಲಮ್ಮ."

ಇಷ್ಟು ಹೇಳಿ ಅವನು ಎದ್ದು ಹಿತ್ತಲಿಗೆ ಹೋದ. ನಾನೂ ಹೋಗಿ ಅವನ ಪಕ್ಕ ನಿಂತೆ.

ಚಿನಾಮಿ ನಗುತ್ತಿದ್ದಳು. ಅದು ನೀನು ಕಟ್ಟಿಕೊಂಡದ್ದಲ್ಲ. ಬಾಯಲ್ಲಿ ಸಿಹಿ ಇತ್ತು, ಅದೂ ನಿಜ. ಮುಳ್ಳು, ಪಾದ, ಅವೆರಡನ್ನು ಬಿಟ್ಟುಬಿಡು. ಅವು ನಾವೆಲ್ಲ ಸೇರಿ ನಿನಗೆ ಕೊಟ್ಟದ್ದು.

ನೀನು ನಿಲ್ಲಿಸುತ್ತಿದ್ದೆ, ಹಿರೊಮು.

ಅತ್ತಿಗೆ